ಮುನಿರಾಮಯ್ಯನವರ ಕೈಗುಣಕ್ಕೆ ಸೇವಾ ವಿಸ್ತರಣೆ

ನಮ್ಮ ಪಶ್ಚಿಮ ಬಡಾವಣೆಗಳ ಕುಡಿಯುವ ನೀರು ವಿತರಣಾ ಸಹಕಾರ ಸಂಘದಲ್ಲಿ ಇದುವರೆಗೆ ಒಂದು ಹನಿ ಡೀಸೆಲ್ ಕಳುವಾಗಿಲ್ಲ ಎಂಬುದನ್ನು ಸಾರ್ವಜನಿಕರ ಅವಗಾಹನೆಗೆ ತರಲು ಹರ್ಷವಾಗುತ್ತದೆ. ಡೀಸೆಲ್ ಮುದ್ರೆ ನಿಯಮ ಜಾರಿಗೆ ಬಂದ ಮೇಲೆ ಕಳುವಾಗಿಲ್ಲ. ಜಾರಿಗೆ ಬರುವ ಮೊದಲೂ ಕಳುವಾಗಿರಲಿಲ್ಲ. ಕಳ್ಳ ಹುಟ್ಟುವ ಮೊದಲೇ ಕಳ್ಳತನವನ್ನು ತಡೆದ ಸಂಸ್ಥೆ ಇಡೀ ರಾಜಾಜಿನಗರದಲ್ಲಿ ನಮ್ಮದೊಂದೇ. ಆ ನಿಯಮ ಬರೆದವನು ನಾನು, ಸಂಘದ ಕಾರ್ಯದರ್ಶಿ ಮುರುಗೇಶ್. ಹೇಳಿಕೊಳ್ಳುವುದು ನನ್ನ ಸ್ವಭಾವವಲ್ಲ. ಆದರೆ ಬೇರೆ ಯಾರೂ ಹೇಳದಿದ್ದಾಗ ಇನ್ನೇನು ಮಾಡುವುದು?

ನಿಯಮ ಬಹಳ ಸರಳ. ಸಂಘದ ನೀರಿನ ಲಾರಿಗೆ ಡೀಸೆಲ್ ತುಂಬಿಸಿದ ಕೂಡಲೇ ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಬಟ್ಟೆ ಸುತ್ತಿ, ಹುರಿ ಕಟ್ಟಿ, ಮೇಲೆ ಅರಗು ಕರಗಿಸಿ ಸುರಿದು, ಸಂಘದ ಮುದ್ರೆ ಒತ್ತತಕ್ಕದ್ದು. ಆ ಮುದ್ರೆ ಒಡೆಯುವ ಅಧಿಕಾರ ಮುದ್ರೆ ಗುಮಾಸ್ತರೊಬ್ಬರಿಗೇ. ಲಾರಿ ದಾರಿಯಲ್ಲಿ ಯಾವ ಕಾರಣಕ್ಕೆ ನಿಂತರೂ ಡೀಸೆಲ್ ಕದಿಯುವ ದುರುದ್ದೇಶದಿಂದಲೇ ನಿಂತಿದೆ ಎಂದು ಭಾವಿಸತಕ್ಕದ್ದು. ಮುದ್ರೆ ಗುಮಾಸ್ತರು ಕೂಡಲೇ ಸ್ಥಳಕ್ಕೆ ಧಾವಿಸಿ, ಮುದ್ರೆ ಒಡೆದು, ಅಳತೆ ಕೋಲು ಇಳಿಬಿಟ್ಟು ನೋಡಿ, ಮತ್ತೆ ಮುದ್ರೆ ಹಾಕತಕ್ಕದ್ದು. ಮುಚ್ಚಳದ ನಡುವೆ ಅದನ್ನು ತಯಾರಿಸಿದವರೇ ಬಿಟ್ಟಿದ್ದ ಒಂದು ಸಣ್ಣ ತೂತಿತ್ತು. ಯಾಕೆ ಬಿಟ್ಟಿದ್ದರೋ, ಅವರ ಅಜಾಗರೂಕತೆ ಅವರಿಗೆ. ಅರಗು ಅದನ್ನೂ ಚೆನ್ನಾಗಿ ಮುಚ್ಚಿತು.

ಮುದ್ರೆ ಗುಮಾಸ್ತರೆಂದರೆ ಮಾರೇನಹಳ್ಳಿಯ ಮುನಿರಾಮಯ್ಯನವರು. ಒಂದು ಹಳೇ ಮೊಪೆಡ್, ಒಂದು ರೆಗ್ಜಿನ್ ಚೀಲ, ಚೀಲದಲ್ಲಿ ಅರಗು, ಮೇಣದಬತ್ತಿ, ಹುರಿ. ಸರ್ವೀಸಿನ ಉದ್ದಕ್ಕೂ ಅವರು ಆಫೀಸಿಗೆ ಬಂದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಅವರಿಗಿದ್ದದ್ದು ಒಂದೇ ಆಸೆ. ರಿಟೈರಾದ ಮಾರನೇ ದಿನ ಹೆಂಡತಿ ರಾಮಮ್ಮನವರನ್ನು ಕರೆದುಕೊಂಡು ಕಾಶಿಗೆ ಹೋಗಬೇಕು. ಕಾಶಿಗೆ ಹೋದವರು ತಮಗಿಷ್ಟವಾದ ಹಣ್ಣನ್ನೋ ತರಕಾರಿಯನ್ನೋ ಅಲ್ಲಿ ಬಿಟ್ಟು ಬರುತ್ತಾರಷ್ಟೆ, ಆಮೇಲೆ ಅದನ್ನು ಜನ್ಮದಲ್ಲಿ ಮುಟ್ಟುವಂತಿಲ್ಲ. ಮುನಿರಾಮಯ್ಯನವರು ಹಾಗಲಕಾಯಿ ಬಿಡುವುದೆಂದು ಎಂದೋ ತೀರ್ಮಾನಿಸಿದ್ದರು. ರಾಮಮ್ಮನವರು ಅವರ ಸಕ್ಕರೆ ಕಾಯಿಲೆಯ ಹೆಸರಿನಲ್ಲಿ ವಾರಕ್ಕೊಮ್ಮೆ ಹಾಗಲಕಾಯಿ ಗೊಜ್ಜು ಮಾಡಿ ಬಡಿಸುತ್ತಿದ್ದರು, ಅದರಿಂದ ಪಾರಾಗಲು ಈ ಭೂಮಿಯ ಮೇಲೆ ವಿಶ್ವನಾಥನೊಬ್ಬನೇ ದಿಕ್ಕು ಎಂದು ಅವರ ನಂಬಿಕೆ.

ಹೀಗಿರುವಾಗ ಲಾರಿ ದಾರಿಯಲ್ಲಿ ನಿಲ್ಲತೊಡಗಿತು. ಆಫೀಸಿನಿಂದ ಹೊರಟು ಮಾಗಡಿ ರಸ್ತೆ ಹಿಡಿಯುವವರೆಗೆ ಏನೂ ಇಲ್ಲ. ಕಾಮಾಕ್ಷಿಪಾಳ್ಯದ ಹತ್ತಿರ ಹೋಗುತ್ತಿದ್ದಂತೆ ಎಂಜಿನ್ ಕೆಮ್ಮುತ್ತದೆ, ಮೈ ನಡುಗಿಸುತ್ತದೆ, ಗಪ್ಪಂತ ನಿಲ್ಲುತ್ತದೆ. ಒಂದು ದಿನ ನಿಂತರೆ ಇನ್ನೊಂದು ದಿನ ನಿಲ್ಲುವುದಿಲ್ಲ, ಅಷ್ಟು ಬೇಜವಾಬ್ದಾರಿ. ಅಲ್ಲಿ ಬಿಂದಿಗೆ ಹಿಡಿದು ಕಾಯುತ್ತಿದ್ದ ಹೆಂಗಸರ ಮುಂದಾಳು ಶಿವಗಂಗಮ್ಮನವರು ಸಂಘಕ್ಕೆ ಫೋನ್ ಮಾಡಿ ನನ್ನ ಬಗ್ಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಡ್ರೈವರ್ ರುದ್ರೇಶ ಸಿಂದಗಿ ಕಡೆಯವನು. ಫೋನ್ ಮಾಡಿ "ಸಾಹೇಬ್ರ, ಗಾಡಿ ನಿಂತೈತ್ರಿ" ಎನ್ನುತ್ತಿದ್ದ. ಎಷ್ಟು ಡೀಸೆಲ್ ಮಾರಿದೆ ಎಂದು ನಾನು ನಿಯಮದ ಪ್ರಕಾರ ಕೇಳುತ್ತಿದ್ದೆ. ಅವನು ನಿಟ್ಟುಸಿರು ಬಿಡುತ್ತಿದ್ದ.

ಲಾರಿಯನ್ನು ಗ್ಯಾರೇಜಿಗೆ ಕಳಿಸಿದೆವು. ಗ್ಯಾರೇಜಿಗೆ ಒಪ್ಪಿಸುವ ಮುನ್ನ ಡೀಸೆಲ್ ಅಳೆಯಬೇಕಾದ್ದರಿಂದ ಮುನಿರಾಮಯ್ಯನವರು ಮುದ್ರೆ ಒಡೆದು ಕೊಟ್ಟರು. ಗ್ಯಾರೇಜಿನಲ್ಲಿ ಲಾರಿ ಬೆಳಗಿನಿಂದ ಸಾಯಂಕಾಲದವರೆಗೆ ಓಡಿತು. ದೋಷವೇ ಕಾಣದಿದ್ದರೂ ಬರಿಗೈಲಿ ಕಳಿಸುವುದು ಮರ್ಯಾದೆಯಲ್ಲವೆಂದು ಅವರು ಡೀಸೆಲ್ ಫಿಲ್ಟರ್ ಬದಲಿಸಿದರು. ವಾಪಸ್ ತಂದು ಮುದ್ರೆ ಹಾಕಿದೆವು, ಲಾರಿ ಕಾಮಾಕ್ಷಿಪಾಳ್ಯದಲ್ಲಿ ನಿಂತಿತು. ಮತ್ತೆ ಕಳಿಸಿದೆವು, ಪಂಪ್ ಬದಲಾಯಿತು. ಆಮೇಲೆ ನಾಜಲ್‌ಗಳು, ಪೈಪುಗಳು. ಸಾಮಾನೆಲ್ಲ ನಮ್ಮ ಅಧ್ಯಕ್ಷರಾದ ಮಂಜುನಾಥ್ ಅವರ ಭಾಮೈದನ ಅಂಗಡಿಯಿಂದಲೇ ಬಂದದ್ದು ಕೇವಲ ಆಕಸ್ಮಿಕ. ಆ ಅಂಗಡಿ ಲಾರಿ ಕೆಡುವ ಮೊದಲು ಇರಲಿಲ್ಲ ಎಂಬುದೂ ಆಕಸ್ಮಿಕವೇ. ದೋಷ ಸಿಕ್ಕದಿರಲಿ ಎಂದು ಭಾಮೈದ ಮಂಗಳವಾರದ ಮಂಗಳವಾರ ದೇವಸ್ಥಾನಕ್ಕೆ ಹೋಗುತ್ತಿದ್ದ ಎಂದು ಯಾರೋ ಕೆಲಸವಿಲ್ಲದವರು ಹಬ್ಬಿಸಿದ್ದಾರೆ. ಅವನು ಶನಿವಾರ ಹೋಗುತ್ತಿದ್ದ.

ಇಷ್ಟರಲ್ಲಿ ಒಂದು ವಿಷಯ ಎಲ್ಲರ ಕಣ್ಣಿಗೆ ಬಿತ್ತು. ಲಾರಿ ನಿಂತಾಗಲೆಲ್ಲ ಮುನಿರಾಮಯ್ಯನವರು ಮೊಪೆಡ್ಡಿನಲ್ಲಿ ಹೋಗುತ್ತಾರೆ. ಮುಚ್ಚಳದ ಮೇಲೆ ಕೈಯಿಡುತ್ತಾರೆ, ಅರಗು ಒಡೆಯುತ್ತಾರೆ, ಡೀಸೆಲ್ ಅಳೆದು ಮತ್ತೆ ಮುಚ್ಚುತ್ತಾರೆ. ರುದ್ರೇಶ ಚಾವಿ ತಿರುಗಿಸುತ್ತಾನೆ. ಲಾರಿ ಹೊರಡುತ್ತದೆ. ಒಂದು ಸಲವೂ ತಪ್ಪಿಲ್ಲ. ದೊಡ್ಡ ದೊಡ್ಡ ಮೆಕ್ಯಾನಿಕ್‌ಗಳು ಬಿಚ್ಚಿ ಹಾಕಿದ ಎಂಜಿನ್ ಈ ಸಣಕಲು ಮನುಷ್ಯ ಮುಟ್ಟಿದ ತಕ್ಷಣ ಮಾತು ಕೇಳುತ್ತದೆ. ಇದಕ್ಕೆ ಏನೆನ್ನಬೇಕೆಂದು ನಾವೆಲ್ಲ ತಲೆ ಕೆಡಿಸಿಕೊಂಡಿರುವಾಗ ರುದ್ರೇಶನೇ ನಡುರಸ್ತೆಯಲ್ಲಿ ಕೈ ಮುಗಿದು ಹೇಳಿದ:

"ಮುನಿರಾಮಯ್ಯಾರ, ನಿಮ್ಮ ಕೈಗುಣ ಭಾಳ ಛಲೋ ಐತ್ರಿ."

ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಅದು ಅಧಿಕೃತವಾಯಿತು. ಲಾರಿಯ ದೋಷಕ್ಕೆ ಪರಿಹಾರ: ಮುನಿರಾಮಯ್ಯನವರ ಕೈಗುಣ. ದೋಷ ಯಾವುದೆಂದು ಗೊತ್ತಿಲ್ಲದೆ ಪರಿಹಾರ ಕಂಡುಹಿಡಿದ ಸಂಸ್ಥೆಯೂ ನಮ್ಮದೇ. ಅವರಿಗೆ ಕೈಯಿರುವ ಕುರ್ಚಿ ಮಂಜೂರಾಯಿತು. ಬಲಗೈಯನ್ನು ಆಫೀಸಿನ ಇತರ ಕೆಲಸಕ್ಕೆ, ಅಂದರೆ ಕಡತ ಎತ್ತುವುದಕ್ಕೆ, ಕಿಟಕಿ ತೆರೆಯುವುದಕ್ಕೆ, ಬಳಸಕೂಡದೆಂದು ಸುತ್ತೋಲೆ ಹೊರಟಿತು. ಟೀ ಲೋಟ ಹಿಡಿಯಬಹುದೇ ಎಂದು ಅವರು ಕೇಳಿದ್ದಕ್ಕೆ ಎಡಗೈಯಲ್ಲಿ ಹಿಡಿಯಿರಿ ಎಂದೆ. ಕಾಮಾಕ್ಷಿಪಾಳ್ಯದಲ್ಲಂತೂ ಕೇಳಲೇಬೇಡಿ. ಶಿವಗಂಗಮ್ಮನವರು ಕೆಟ್ಟ ಮಿಕ್ಸಿ ಹಿಡಿದು ರಸ್ತೆಯಲ್ಲಿ ಕಾಯತೊಡಗಿದರು. ಅವರ ಹಿಂದೆ ಒಬ್ಬರು ಮೋಟಾರು, ಒಬ್ಬರು ಹೊಲಿಗೆ ಮೆಷಿನ್ನು, ಇನ್ನೊಬ್ಬರು ಎಸ್ಸೆಸ್ಸೆಲ್ಸಿ ಫೇಲಾದ ಮಗ. ಮುನಿರಾಮಯ್ಯನವರು ಎಲ್ಲದರ ಮೇಲೂ ಸಂಕೋಚದಿಂದ ಕೈಯಿಡುತ್ತಿದ್ದರು. ಮಿಕ್ಸಿ ಸರಿಹೋಯಿತು ಎಂದು ಹೇಳುತ್ತಾರೆ, ಹುಡುಗನ ವಿಷಯ ಗೊತ್ತಿಲ್ಲ.

ಕಷ್ಟ ಬಂದದ್ದು ನಿವೃತ್ತಿಯ ತಿಂಗಳಿನಲ್ಲಿ. ಮುನಿರಾಮಯ್ಯನವರು ರೈಲಿನ ಟಿಕೆಟ್ ತೋರಿಸಿ, ರಾಮಮ್ಮ ಆಗಲೇ ಚಕ್ಕುಲಿ ಸುಡುತ್ತಿದ್ದಾಳೆ ಎಂದು ನಾಚಿಕೊಂಡು ಹೇಳಿದರು. ಅಧ್ಯಕ್ಷರು ಹೌಹಾರಿದರು. ಕೈ ಕಾಶಿಗೆ ಹೋದರೆ ಲಾರಿಯ ಗತಿಯೇನು? ಕೂಡಲೇ ದೋಷವನ್ನು ಕಂಡುಹಿಡಿಯತಕ್ಕದ್ದೆಂದು ತೀರ್ಮಾನವಾಗಿ, ಕಲಾ ಎಂಬ ತರುಣಿಯನ್ನು ತಾಂತ್ರಿಕ ಸಲಹೆಗಾರರಾಗಿ ನೇಮಿಸಿಕೊಂಡೆವು. ರಾಜರಾಜೇಶ್ವರಿನಗರದಿಂದ ಮೆಟ್ರೋದಲ್ಲಿ ಬರುವ ಹುಡುಗಿ, ಮೆಕ್ಯಾನಿಕಲ್ ಓದಿದವರು. ಓದಿದವರೆಂಬುದು ಒಂದೇ ಅವರ ಬಗ್ಗೆ ನನಗಿದ್ದ ಅನುಮಾನ.

ಆಕೆ ಮಾಡಿದ್ದಿಷ್ಟು. ರುದ್ರೇಶನ ಪಕ್ಕದಲ್ಲಿ ಕುಳಿತು ಹೋದರು. ಕಾಮಾಕ್ಷಿಪಾಳ್ಯದಲ್ಲಿ ಲಾರಿ ನಿಂತಿತು. ಮುನಿರಾಮಯ್ಯನವರು ಬಂದು ಅರಗು ಒಡೆದು ಮುಚ್ಚಳ ತಿರುಗಿಸುತ್ತಿದ್ದಂತೆ ಟ್ಯಾಂಕು ಸುಯ್ ಎಂದು ಉಸಿರೆಳೆದುಕೊಂಡಿತು. ಕಲಾ ಅದನ್ನು ಕೇಳಿ ನಕ್ಕುಬಿಟ್ಟರಂತೆ. ಎಂಜಿನ್ ಡೀಸೆಲ್ ಕುಡಿದಂತೆಲ್ಲ ಟ್ಯಾಂಕಿನೊಳಗೆ ಅಷ್ಟೇ ಗಾಳಿ ಹೋಗಬೇಕು, ಆ ಗಾಳಿಗೆಂದೇ ಮುಚ್ಚಳದಲ್ಲಿ ತೂತಿರುವುದು, ನೀವು ಅದನ್ನು ಅರಗಿನಿಂದ ಮುಚ್ಚಿದ್ದೀರಿ, ಟ್ಯಾಂಕಿಗೆ ಉಸಿರುಕಟ್ಟಿ ಡೀಸೆಲ್ ಎಂಜಿನ್ನಿಗೆ ಬರುತ್ತಿಲ್ಲ, ಅರಗಿನಲ್ಲಿ ಸೂಜಿಯಿಂದ ಒಂದು ತೂತು ಮಾಡಿದರೆ ಮುಗಿಯಿತು ಎಂದು ಮಂಡಳಿಯ ಮುಂದೆ ವರದಿ ಒಪ್ಪಿಸಿದರು. ಅರಗು ಚೆನ್ನಾಗಿ ಕೂತ ದಿನ ನಿಲ್ಲುತ್ತದೆ, ಸ್ವಲ್ಪ ಬಿರುಕು ಬಿಟ್ಟ ದಿನ ಓಡುತ್ತದೆ, ಅದಕ್ಕೇ ಒಂದೊಂದು ದಿನ ಒಂದೊಂದು ಥರ ಎಂದೂ ಸೇರಿಸಿದರು. ಭಾಮೈದ ಸಭೆಯ ಸದಸ್ಯನಲ್ಲದಿದ್ದರೂ ಬಾಗಿಲಲ್ಲಿ ನಿಂತಿದ್ದವನು ಕುಳಿತುಬಿಟ್ಟ.

ಅಧ್ಯಕ್ಷರು ಸಾವರಿಸಿಕೊಂಡು, "ನೋಡಮ್ಮಾ, ತೂತು ಅಂದ್ರೆ ತೂತು. ಗಾಳಿ ಒಳಗೆ ಹೋಗೋ ದಾರೀಲಿ ಡೀಸೆಲ್ ಹೊರಗೆ ಬರಲ್ಲ ಅಂತ ಏನು ಗ್ಯಾರಂಟಿ?" ಎಂದರು.

ತೂತು ಟ್ಯಾಂಕಿನ ಮೇಲಿದೆ, ಡೀಸೆಲ್ ಕೆಳಗಿದೆ, ಡೀಸೆಲ್ ಹತ್ತಿ ಬರುವುದಿಲ್ಲ ಎಂದು ಕಲಾ ವಿವರಿಸಿದರು. ಬೇಕಾದರೆ ಬರೆದು ಕೊಡುತ್ತೇನೆ ಎಂದರು. ಡೀಸೆಲ್ಲಿನ ಪರವಾಗಿ ಬೇರೆಯವರು ಬರೆದು ಕೊಟ್ಟರೆ ಅದು ಊರ್ಜಿತವಲ್ಲ ಎಂದು ನಾನು ನಿಯಮ ತೋರಿಸಿದೆ. ಅಲ್ಲದೆ ಮುದ್ರೆಯಲ್ಲಿ ತೂತಿದ್ದರೆ ಅದು ಒಡೆದ ಮುದ್ರೆ, ಒಡೆದ ಮುದ್ರೆ ಕಂಡಲ್ಲಿ ಡ್ರೈವರನ್ನು ಅಮಾನತು ಮಾಡಬೇಕು, ಹಾಗಾಗಿ ಪ್ರತಿದಿನ ಬೆಳಗ್ಗೆ ರುದ್ರೇಶನನ್ನು ಅಮಾನತು ಮಾಡಿಯೇ ಲಾರಿ ಹೊರಡಿಸಬೇಕಾಗುತ್ತದೆ. ಇಷ್ಟು ಸರಳವಾದ ವಿಷಯ ಆಕೆಗೆ ಹೊಳೆದಿರಲಿಲ್ಲ. ವರದಿಯನ್ನು "ಗಾಳಿಮಾತು" ಎಂದು ಷರಾ ಬರೆದು ಮುಕ್ತಾಯಗೊಳಿಸಲಾಯಿತು. ಸಾರ್ವಜನಿಕ ಹಿತದೃಷ್ಟಿಯಿಂದ ಮುನಿರಾಮಯ್ಯನವರ ಸೇವೆಯನ್ನು ಮುಂದಿನ ಆದೇಶದವರೆಗೆ ವಿಸ್ತರಿಸಲಾಯಿತು.

ಆದೇಶವನ್ನು ಗೌರವಪೂರ್ವಕವಾಗಿ ಮನೆಗೇ ಹೋಗಿ ಕೊಡಬೇಕೆಂದು ಅಧ್ಯಕ್ಷರ ಅಪ್ಪಣೆ. ಆ ಸಂಜೆ ನಾನು ಮಾರೇನಹಳ್ಳಿಗೆ ಹೋದೆ. ಕಲಾ ಕೂಡ ಬರುತ್ತೇನೆಂದು ಬಂದರು. ನಡುಮನೆಯಲ್ಲಿ ಟ್ರಂಕು ತಯಾರಾಗಿತ್ತು. ರಾಮಮ್ಮನವರು ಹೊಸ ಸೀರೆಗೆ ಫಾಲ್ಸ್ ಹಚ್ಚುತ್ತಾ ಕೂತಿದ್ದರು. ಆದೇಶವನ್ನು ನಾನು ಗಟ್ಟಿಯಾಗಿ ಓದಿದೆ. ಅವರು ಸೂಜಿಯನ್ನು ಸೀರೆಗೆ ಚುಚ್ಚಿಟ್ಟು, ಒಳಗೆ ಹೋಗಿ, ಒಂದು ಡಬ್ಬಿ ಚಕ್ಕುಲಿ ತಂದು ನನ್ನ ಮುಂದೆ ಇಟ್ಟರು.

"ತಗೊಳ್ಳಿ ಸಾರ್. ರೈಲಿಗೆ ಅಂತ ಮಾಡಿದ್ದು. ಇನ್ನು ಇಲ್ಲೇ ಖಾಲಿಯಾಗ್ಬೇಕಲ್ಲ."

ಚಕ್ಕುಲಿ ಗರಿಗರಿಯಾಗಿತ್ತು. ನಾನು ತಿನ್ನುತ್ತಿರುವಾಗ ಅವರು ಯಾರನ್ನೂ ನೋಡದೆ ಹೇಳುತ್ತಾ ಹೋದರು. ಈ ಮುದ್ರೆ ಕೆಲಸ ಬಂದಾಗಿನಿಂದ ಇವರ ಚೀಲವನ್ನೇ ಕಾದಿದ್ದೇನೆ, ತಟ್ಟೆ ಮುಂದೆ ಕೂತರೆ ಫೋನ್ ಬರುತ್ತದೆ, ತಮ್ಮನ ಮದುವೆಯಲ್ಲಿ ಧಾರೆ ಹೊತ್ತಿಗೆ ಫೋನ್ ಬಂತು, ಎಲ್ಲೋ ಒಂದು ಲಾರಿ ನಿಂತರೆ ನಮ್ಮ ಮನೆಯಲ್ಲಿ ಎಲ್ಲಾ ನಿಲ್ಲುತ್ತದೆ. ಬೀದಿಯವರಿಗೆಲ್ಲ ಕಾಶಿಗೆ ಹೋಗ್ತೀವಿ ಅಂತ ಹೇಳಿಕೊಂಡು ಬಂದಿದ್ದೇನೆ, ನಾಳೆ ಅವರಿಗೆ ಮುಖ ಹೇಗೆ ತೋರಿಸಲಿ, ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಮುನಿರಾಮಯ್ಯನವರು ತಮ್ಮ ಬಲಗೈಯನ್ನೇ ತಿರುಗಿಸಿ ನೋಡುತ್ತಿದ್ದವರು ಮೆಲ್ಲಗೆ ಕೇಳಿದರು:

"ಸಾರ್, ಈ ಕೈಯಲ್ಲಿ ಏನೂ ಇಲ್ಲ ಅಂತ ನಾನೇ ಹೇಳಿದ್ರೆ ಆಗಲ್ವಾ?"

ಆಗುವುದಿಲ್ಲ ಎಂದೆ. ನೌಕರರ ಅರ್ಹತೆಯನ್ನು ನಿರ್ಧರಿಸುವುದು ಮಂಡಳಿ, ನೌಕರರಲ್ಲ. ಕಲಾ ಚಕ್ಕುಲಿ ಮುಟ್ಟಲಿಲ್ಲ. ವಿಜಯನಗರ ಮೆಟ್ರೋ ಸ್ಟೇಷನ್‌ವರೆಗೆ ನಡೆಯುವಾಗ ಒಂದೇ ಒಂದು ಪ್ರಶ್ನೆ ಕೇಳಿದರು. ಸಾರ್, ಈ ಕೈಗುಣ ಮುಚ್ಚಳ ದಾಟಿ ಒಳಗೆ ಹೇಗೆ ಹೋಗುತ್ತೆ? ತಾಂತ್ರಿಕ ವಿಷಯವನ್ನು ತಾಂತ್ರಿಕರೇ ಹೇಳಬೇಕು ಎಂದೆ. ಆಕೆ ತಲೆಯಾಡಿಸಿ ಮೆಟ್ಟಿಲು ಹತ್ತಿ ಹೋದರು.

ಮುಂದಿನ ಸಭೆಗೆ ಕಲಾ ಹೊಸ ಪ್ರಸ್ತಾವನೆಯೊಂದಿಗೆ ಬಂದರು. ಅನುಭವ ಬಂದರೆ ಮನುಷ್ಯ ಎಷ್ಟು ಬದಲಾಗುತ್ತಾನೆ ಎಂಬುದಕ್ಕೆ ಅದು ಸಾಕ್ಷಿ. ಮುನಿರಾಮಯ್ಯನವರ ಹೆಬ್ಬೆರಳಿನ ಅಚ್ಚು ತೆಗೆದು, ಅದರದೇ ಒಂದು ಹಿತ್ತಾಳೆ ಮುದ್ರೆ ಮಾಡಿಸೋಣ. ಸಂಘದ ಮುದ್ರೆಯ ಬದಲು ಅದನ್ನೇ ಅರಗಿನ ಮೇಲೆ ಒತ್ತೋಣ. ಆಗ ಅವರು ಎಲ್ಲಿದ್ದರೂ ಅವರ ಕೈ ಲಾರಿಯ ಮೇಲೇ ಇದ್ದಂತೆ. ಅಧ್ಯಕ್ಷರ ಮುಖ ಅರಳಿತು. ಕೈ ಪೂರ್ತಿ ಬೇಡವೇ ಎಂದು ಒಬ್ಬ ಸದಸ್ಯರು ಕೇಳಿದ್ದಕ್ಕೆ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೇ ಹೆಬ್ಬೆರಳು ನಡೆಯುತ್ತದೆ, ಲಾರಿಗೆ ನಡೆಯುವುದಿಲ್ಲವೇ ಎಂದು ನಾನು ಸ್ಪಷ್ಟೀಕರಣ ಕೊಟ್ಟೆ. ಕಲಾ ಗಂಟಲು ಸರಿಮಾಡಿಕೊಂಡು, ಇನ್ನೊಂದು ಸಣ್ಣ ವಿಷಯ, ಮುದ್ರೆಯ ಮಧ್ಯದಲ್ಲಿ ಒಂದು ಮುಳ್ಳಿರಬೇಕು, ಒತ್ತಿದಾಗ ಅರಗಿನಲ್ಲಿ, ಬಟ್ಟೆಯಲ್ಲಿ, ಕೆಳಗಿನ ಮುಚ್ಚಳದವರೆಗೂ ಒಂದು ರಂಧ್ರ ಬೀಳಬೇಕು ಎಂದರು.

ರಂಧ್ರ ಎಂದ ಕೂಡಲೇ ಅಧ್ಯಕ್ಷರು ನೆಟ್ಟಗೆ ಕೂತರು. "ಯಾಕೆ?"

"ಕೈಗುಣ ಒಳಗೆ ಇಳಿಯೋಕೆ ಸಾರ್."

"ಎಷ್ಟು ದೊಡ್ಡದು?"

"ಸೂಜಿಯಷ್ಟು ಸಾಕು ಸಾರ್. ಕೈಗುಣ ತುಂಬಾ ತೆಳ್ಳಗಿರುತ್ತೆ."

"ಅಲ್ಲಿಂದ ಡೀಸೆಲ್ ಹೊರಗೆ ಬಂದ್ರೆ?"

"ಒಳಗೆ ಮುನಿರಾಮಯ್ಯನವರ ಕೈಗುಣ ಇಳೀತಾ ಇರುವಾಗ ಎದುರಿಗೆ ಬರೋಕೆ ಡೀಸೆಲ್‌ಗೆ ಧೈರ್ಯ ಎಲ್ಲಿದೆ ಸಾರ್?"

ಈ ಉತ್ತರದಲ್ಲಿದ್ದ ತಾಂತ್ರಿಕ ಪಕ್ವತೆಗೆ ಸಭೆ ಮೇಜು ಕುಟ್ಟಿತು. ಪ್ರಸ್ತಾವನೆ ಸರ್ವಾನುಮತದಿಂದ ಅಂಗೀಕಾರವಾಯಿತು. ಇದಕ್ಕೂ ಆಕೆಯ ಹಿಂದಿನ ವರದಿಗೂ ಏನಾದರೂ ಸಂಬಂಧವಿದೆಯೇ ಎಂದು ಯಾರೂ ಕೇಳಲಿಲ್ಲ. ಇರಲೂ ಇಲ್ಲ. ಅದು ಗಾಳಿಗೆ ಮಾಡುವ ತೂತು, ಇದು ಕೈಗುಣಕ್ಕೆ ಬಿಡುವ ರಂಧ್ರ. ಮೊದಲನೆಯದರಿಂದ ಮುದ್ರೆ ಒಡೆಯುತ್ತದೆ, ಎರಡನೆಯದು ಮುದ್ರೆಯದೇ ಅಂಗ. ಹಿತ್ತಾಳೆ ಮುದ್ರೆ ಮಾಡಿಸಿಕೊಡುವ ಕೆಲಸ ಭಾಮೈದನಿಗೆ ಹೋಯಿತು, ಪಾಪ, ಅವನ ವ್ಯಾಪಾರವೂ ನಡೆಯಬೇಕಲ್ಲ. ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಅಚ್ಚು ತಯಾರಾಯಿತು. ಮುನಿರಾಮಯ್ಯನವರು ಹೆಬ್ಬೆರಳು ಒತ್ತುವಾಗ ರಾಮಮ್ಮನವರು ಪಕ್ಕದಲ್ಲೇ ನಿಂತು, ಸರಿಯಾಗಿ ಒತ್ರೀ, ಮತ್ತೆ ಕರೀಬಾರದು, ಎಂದರಂತೆ.

ಹೊಸ ಮುದ್ರೆ ಒತ್ತಿದ ಲಾರಿ ಮಾಗಡಿ ರಸ್ತೆ ಹಿಡಿದು, ಕಾಮಾಕ್ಷಿಪಾಳ್ಯ ದಾಟಿ, ಶಿವಗಂಗಮ್ಮನವರ ಬೀದಿಯ ಏರನ್ನೂ ಹತ್ತಿ ನೀರು ಕೊಟ್ಟು ಬಂತು. ಮರುದಿನವೂ ಹತ್ತಿತು. ವಾರವಿಡೀ ಹತ್ತಿತು. ರುದ್ರೇಶ ನಂಬಲಾಗದೆ ದಾರಿಯಲ್ಲಿ ತಾನೇ ಎರಡು ಕಡೆ ನಿಲ್ಲಿಸಿ ನೋಡಿದನಂತೆ. ಮಂಡಳಿ ಮುನಿರಾಮಯ್ಯನವರನ್ನು ಸೇವೆಯಿಂದ ಬಿಡುಗಡೆ ಮಾಡಿತು.

ಬೀಳ್ಕೊಡುಗೆಯ ದಿನ ಅಧ್ಯಕ್ಷರಿಗೆ ಇದ್ದಕ್ಕಿದ್ದಂತೆ ಒಂದು ಆತಂಕ ಕಾಡಿತು. ಕಾಶಿಗೆ ಹೋದವರು ಏನಾದರೂ ಬಿಟ್ಟು ಬರುತ್ತಾರಲ್ಲ, ಈ ಮನುಷ್ಯ ಅಲ್ಲಿ ಕೈಗುಣವನ್ನೇ ಬಿಟ್ಟುಬಿಟ್ಟರೆ? ಹಾರ ಹಾಕಿದ ಮೇಲೆ ಮೈಕಿನಲ್ಲೇ ಅವರಿಂದ ಮಾತು ತೆಗೆದುಕೊಂಡರು. ತರಕಾರಿ ಮಾತ್ರ ಬಿಡುತ್ತೇನೆ ಎಂದು ಮುನಿರಾಮಯ್ಯನವರು ಎಲ್ಲರ ಮುಂದೆ ಹೇಳಿದರು. ಯಾವ ತರಕಾರಿ ಎಂದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಅವರು ಕಾಶಿಯಿಂದ ಫೋನ್ ಮಾಡಿದಾಗ ನಾನು ಊಟಕ್ಕೆ ಕೂತಿದ್ದೆ.

"ಸಾರ್, ತಪ್ಪಾಗೋಯ್ತು. ಗಂಗೇಲಿ ಕೈಗುಣ ಬಿಟ್ಟುಬಿಟ್ಟೆ."

ನಡೆದದ್ದಿಷ್ಟು. ಗಂಗೆಯಲ್ಲಿ ಮೊಣಕಾಲುದ್ದ ನಿಂತು ಇವರು ಹಾಗಲಕಾಯಿ ಎಂದು ಬಾಯಿ ತೆರೆಯುವಷ್ಟರಲ್ಲಿ ರಾಮಮ್ಮನವರು ಕೈ ಹಿಡಿದು ನಿಲ್ಲಿಸಿದರು. ದೇವರಿಗೆ ಮೋಸ ಮಾಡಬೇಡಿ, ಇಷ್ಟವಿಲ್ಲದ್ದನ್ನು ಬಿಟ್ಟರೆ ಅವನು ಬಿಟ್ಟಂತೆ ಲೆಕ್ಕ ಇಡುವುದಿಲ್ಲ, ಬಿಡುವುದಾದರೆ ಆ ಕೈಗುಣ ಬಿಡಿ, ಇಲ್ಲದಿದ್ದರೆ ನಾವು ಊರಿಗೆ ಹೋಗಿ ಇಳಿಯುವ ಮೊದಲೇ ಜನ ಮಿಕ್ಸಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ ಎಂದರು. ಎರಡನ್ನೂ ಬಿಡುತ್ತೇನೆ ಎಂದು ಇವರು ಅಂಗಲಾಚಿದರು. ಒಬ್ಬರಿಗೆ ಒಂದೇ ಎಂದು ರಾಮಮ್ಮನವರು ತೀರ್ಪು ಕೊಟ್ಟರು. ಅವರ ನಿಯಮ ನನ್ನದಕ್ಕಿಂತ ಬಿಗಿ.

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ಉಳಿಯಿತು. ರುದ್ರೇಶನಿಗೆ ಫೋನ್ ಮಾಡಿ ಲಾರಿ ಎಲ್ಲಿ ನಿಂತಿದೆ ಎಂದು ಕೇಳಿದೆ. "ನಿಂತಿಲ್ರೀ ಸಾಹೇಬ್ರ, ಏರು ಹತ್ತಾಕತ್ತೈತಿ" ಎಂದ. ತುರ್ತು ಸಭೆ ಕರೆದೆವು. ಕೈಗುಣ ಗಂಗೆಯಲ್ಲಿದೆ, ಲಾರಿ ಕಾಮಾಕ್ಷಿಪಾಳ್ಯದಲ್ಲಿ ಓಡುತ್ತಿದೆ, ಇದು ಹೇಗೆ ಸಾಧ್ಯ ಎಂದು ಅಧ್ಯಕ್ಷರು ತಾಂತ್ರಿಕ ಅಭಿಪ್ರಾಯ ಕೇಳಿದರು. ಕಲಾ ಸ್ವಲ್ಪವೂ ನಗಲಿಲ್ಲ.

"ಗಾಳಿ ಮೂಲಕ ಬರುತ್ತೆ ಸಾರ್. ತೂತಿದೆಯಲ್ಲ."

ಎಲ್ಲರೂ ಒಪ್ಪಿದರು. ಗಾಳಿ ಎಂಬ ಪದ ನಡಾವಳಿಯಲ್ಲಿ ಸೇರಿತು, ಷರಾ ಇಲ್ಲದೆ. ಸಂಘದ ಲಾರಿಯು ಈಗ ಕಾಶಿಯಿಂದ ನೇರವಾಗಿ ಬರುವ ಕೈಗುಣದಿಂದ ಚಲಿಸುತ್ತಿದೆ ಎಂದು ಪ್ರಕಟಣೆ ಹೊರಡಿಸಿದೆವು. ಮುನಿರಾಮಯ್ಯನವರು ನಿವೃತ್ತರಾಗಿದ್ದಾರೆಂದೂ, ಅವರ ಕೈಗುಣವು ಮುಂದಿನ ಆದೇಶದವರೆಗೆ ಸೇವೆಯಲ್ಲಿ ಮುಂದುವರಿಯುತ್ತದೆಂದೂ ಆದೇಶವಾಯಿತು. ಲಾರಿಯ ಮುಂದೆ ರುದ್ರೇಶ ತಾನೇ ನಿಂತು "ಕಾಶಿ ಎಕ್ಸ್‌ಪ್ರೆಸ್" ಎಂದು ಬರೆಸಿದ್ದಾನೆ. ಅಕ್ಕಪಕ್ಕದ ಸಂಘದವರೂ ಹೆಬ್ಬೆರಳ ಮುದ್ರೆ ಕೇಳಿಕೊಂಡು ಬರುತ್ತಿದ್ದಾರೆ, ಭಾಮೈದನಿಗೆ ಪುರುಸೊತ್ತಿಲ್ಲ. ಶಿವಗಂಗಮ್ಮನವರು ನೀರು ಹಿಡಿಯುವ ಮೊದಲು ಮುಚ್ಚಳಕ್ಕೆ ಒಮ್ಮೆ ಕೈ ಮುಗಿಯುತ್ತಾರೆ, ನನಗೆ ಮೊದಲು ಬೈಯುತ್ತಿದ್ದವರು ಅವರೇ.

ಕಾಶಿಯಿಂದ ಬಂದ ಮುನಿರಾಮಯ್ಯನವರು ಪ್ರಸಾದ ಕೊಡಲು ಆಫೀಸಿಗೆ ಬಂದಿದ್ದರು. ಮುಚ್ಚಿ ಬೆಸುಗೆ ಹಾಕಿದ ಗಂಗೆಯ ತಾಮ್ರದ ಗಿಂಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಸೀಲು ಚೆನ್ನಾಗಿದೆ ಎಂದರು. ಮೈ ಸ್ವಲ್ಪ ತುಂಬಿಕೊಂಡಿದ್ದರು. ಫೋನ್ ಮನೆಯಲ್ಲೇ ಬಿಟ್ಟು ಬಂದಿದ್ದರು. ಟೀ ಲೋಟವನ್ನು ಬಲಗೈಯಲ್ಲಿ ಹಿಡಿದು ಆರಾಮಾಗಿ ಕುಡಿದರು. ಇನ್ನೊಂದು ಲೋಟ ತರಿಸಲೇ ಎಂದೆ. ಬೇಡ ಸಾರ್, ಊಟದ ಹೊತ್ತಾಯಿತು, ರಾಮಮ್ಮ ಕಾಯುತ್ತಾಳೆ ಎಂದು ಎದ್ದರು. ಇವತ್ತೇನು ಅಡುಗೆ ಎಂದು ನಾನು ಸುಮ್ಮನೆ ಕೇಳಿದೆ.

"ಹಾಗಲಕಾಯಿ ಗೊಜ್ಜು ಸಾರ್," ಎಂದು ನಗುನಗುತ್ತಲೇ ಹೇಳಿ ಮೊಪೆಡ್ ಹತ್ತಿದರು.